ಆಟದಂಗಳ: ಹದಿಮೂರು ತಂಡದ ಅಂಗಿ ತೊಟ್ಟವನು

ಪ್ರಶ್ನೆ: ಸರ್, ನಮಸ್ಕಾರ. ನಾನು ಎಡಗೈ ಬೌಲರ್. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು ಕಡೆ ಟೆನಿಸ್ ಬಾಲ್ ಟೂರ್ನಿ ಎಲ್ಲಿದ್ದರೂ ಯಾರಾದರೂ ಕರೀತಾರೆ, ಹೋಗ್ತೀನಿ. ಕೊಡೋದು ಮಾತ್ರ ಕೊನೆಯ ಓವರ್. ಎರಡು ವರ್ಷಕ್ಕೆ ಆರು ತಂಡ ಆಯ್ತು. ‘ನಿನಗೊಂದು ತಂಡ ಅಂತಲೇ ಇಲ್ಲ’ ಅಂತ ಗೆಳೆಯರು ಆಡ್ಕೊಳ್ತಾರೆ. ಬೇಸ್‌ಬಾಲ್‌ನಲ್ಲೂ ಕೊನೆಗೆ ಬಂದು ಎಸೆಯೋರು ಇದ್ದಾರಂತೆ. ಅವರ ಬದುಕು ಹೇಗಿರುತ್ತೆ?
– ಓದುಗ, ಸಿರುಗುಪ್ಪ

ಉತ್ತರ: ತಮ್ಮಾ, ಆಕ್ಟೇವಿಯೊ ಡೋಟೆಲ್ ಅನ್ನೋ ಹೆಸರು ಬರೆದಿಟ್ಟುಕೋ. ಡೊಮಿನಿಕನ್ ರಿಪಬ್ಲಿಕ್‌ನವನು. 1999ರಿಂದ 2013ರವರೆಗೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನಲ್ಲಿ 13 ತಂಡಗಳಿಗೆ ಆಡಿದ. ಆ ದಾಖಲೆ ಮುರಿದದ್ದು 2019ರಲ್ಲಿ, ಎಡ್ವಿನ್ ಜಾಕ್ಸನ್ 14ನೇ ತಂಡ ಸೇರಿದಾಗ. 2010ರ ಒಂದೇ ವರ್ಷದಲ್ಲಿ ಡೋಟೆಲ್ ಪಿಟ್ಸ್‌ಬರ್ಗ್, ಲಾಸ್ ಏಂಜಲೀಸ್, ಕೊಲೊರಾಡೊ ಮೂರಕ್ಕೂ ಎಸೆದ.

ಅವನ ಕೆಲಸ ರಿಲೀಫ್ ಪಿಚರ್‌ನದು, ಅಂದ್ರೆ ಪಂದ್ಯದ ಮಧ್ಯೆ ಬಂದು ಚೆಂಡೆಸೆಯೋನದು. ಪಂದ್ಯಕ್ಕೆ 9 ಇನಿಂಗ್ಸ್. ಶುರು ಮಾಡಿದವನ ತೋಳು ಸೋತಾಗ, ಮೈದಾನದ ಅಂಚಿನ ಬುಲ್‌ಪೆನ್‌ನಲ್ಲಿ ಕೂತವರಿಗೆ ಫೋನ್ ಬರುತ್ತೆ. ಎದ್ದು ತೋಳು ಬಿಸಿ ಮಾಡಿಕೊಂಡು ಒಳಗೆ ಹೋಗಬೇಕು. ಹೋಗುವ ಹೊತ್ತಿಗೆ ಬೇಸ್‌ಗಳ ಮೇಲೆ, ಅಂದ್ರೆ ರನ್‌ಗಾಗಿ ಓಡುವ ದಾರಿಯ ತಂಗುದಾಣಗಳಲ್ಲಿ, ಎದುರಾಳಿಗಳು ನಿಂತಿರಬಹುದು, ಅವರನ್ನು ಅಲ್ಲಿಗೆ ತಲುಪಿಸಿದ್ದು ಹಿಂದಿನವನು. ಅವರು ಬ್ಯಾಟರ್ ನಿಲ್ಲುವ ‘ಹೋಮ್’ಗೆ ಓಡಿ ಬಂದು ಸೇರಿದರೆ ರನ್ ಹಿಂದಿನವನ ಲೆಕ್ಕಕ್ಕೇ ಹೋಗುತ್ತೆ, ನಿಜ. ತಡೀಬೇಕಾದವನು ಮಾತ್ರ ಈಗ ಬಂದವನು.

ಡೋಟೆಲ್‌ನ ಒಂದೇ ಒಂದು ಇನಿಂಗ್ಸ್ ಹೇಳ್ತೀನಿ. 2003ರ ಜೂನ್ 11, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಇವನು ಹ್ಯೂಸ್ಟನ್ ಪರ. ಆವತ್ತು ಹ್ಯೂಸ್ಟನ್‌ನ ಆರು ಪಿಚರ್‌ಗಳು ಸೇರಿ ಎದುರಾಳಿ ಯಾಂಕೀಸ್‌ಗೆ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಸೇರೋದು) ಬಿಟ್ಟುಕೊಡಲಿಲ್ಲ. 8ನೇ ಇನಿಂಗ್ಸ್ ಇವನದು. ಮೂವರು ಔಟಾದರೆ ಇನಿಂಗ್ಸ್ ಮುಗಿಯಬೇಕು, ಇವನು ನಾಲ್ವರನ್ನು ಸ್ಟ್ರೈಕ್‌ಔಟ್ ಮಾಡಿದ! ಸ್ಟ್ರೈಕ್ ಅಂದ್ರೆ ಬ್ಯಾಟರ್ ಹೊಡೆಯದೆ ಕಳೆದುಕೊಂಡ ಒಳ್ಳೆಯ ಎಸೆತ, ಅಂಥ ಮೂರಾದರೆ ಸ್ಟ್ರೈಕ್‌ಔಟ್. ಮೂರನೇ ಸ್ಟ್ರೈಕ್ ಚೆಂಡು ಕ್ಯಾಚರ್ ಕೈಗೆ ಸಿಗದೆ ಹೋದರೆ ಬ್ಯಾಟರ್ ಮೊದಲ ಬೇಸ್‌ಗೆ ಓಡಬಹುದು ಅನ್ನೋ ನಿಯಮವಿದೆ. ಒಬ್ಬ ಹಾಗೆ ಓಡಿ ಉಳಿದುಕೊಂಡ. ಮುಗಿದ ಕೆಲಸ ಮತ್ತೆ ಮೈಮೇಲೆ ಬಿತ್ತು, ಸುಮ್ಮನೆ ಇನ್ನೊಬ್ಬನನ್ನು ಔಟ್ ಮಾಡಿದ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಇಲ್ಲೇ.

2005ರಲ್ಲಿ ಅವನ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಹರಿದ ಅಸ್ಥಿರಜ್ಜು ಬದಲಿಸೋದು) ಆಯ್ತು. ಲೆಕ್ಕ ಹಾಕಿ ನೋಡು, 13ರಲ್ಲಿ 10 ತಂಡಗಳು ಅವನನ್ನು ಕರೆದದ್ದು ಅದಾದ ಮೇಲೆ. ಜುಲೈ ಕೊನೆ, ಅಂದ್ರೆ ಆಟಗಾರರ ಅದಲುಬದಲಿನ ಗಡುವು, ಬಂತು ಅಂದ್ರೆ ಗೆಲ್ಲೋ ತಂಡಗಳು ಕೊನೆಯ ಇನಿಂಗ್ಸ್‌ಗೆ ತೋಳು ಹುಡುಕ್ತವೆ. 2011ರ ಜುಲೈನಲ್ಲಿ ಟೊರಾಂಟೊ ಅವನನ್ನು ಸೇಂಟ್ ಲೂಯಿಸ್‌ಗೆ ಬಿಟ್ಟುಕೊಟ್ಟಿತು. ಆ ವರ್ಷದ ವರ್ಲ್ಡ್ ಸೀರೀಸ್, ಅಂದ್ರೆ ಲೀಗ್‌ನ ಫೈನಲ್, ಗೆದ್ದದ್ದು ಸೇಂಟ್ ಲೂಯಿಸ್, ಆಗ ಇವನಿಗೆ 37. ಹೋದ ವರ್ಷ, 2025ರ ಏಪ್ರಿಲ್‌ನಲ್ಲಿ, ಅಂತ ಬರೆಯೋಕೆ ಕೈ ತಡೆಯುತ್ತೆ: ಸ್ಯಾಂಟೊ ಡೊಮಿಂಗೊದ ನೈಟ್‌ಕ್ಲಬ್ ಒಂದರ ಚಾವಣಿ ಕುಸಿದು ತೀರಿಕೊಂಡ.

ನಾನೂ ದೈಹಿಕ ಶಿಕ್ಷಕನಾಗಿ ನಿಯೋಜನೆ ಮೇಲೆ ಬಳ್ಳಾರಿ ಜಿಲ್ಲೆಯ ಏಳು ಶಾಲೆ ಸುತ್ತಿದವನು. ಚೀಲದಲ್ಲಿ ಸೀಟಿ, ಅಳತೆ ಟೇಪು, ಸುಣ್ಣದಪುಡಿ. ಕಂಪ್ಲಿ ಹತ್ತಿರದ ಶಾಲೆಯಲ್ಲಿ ಇದ್ದದ್ದು ಮೂರೇ ತಿಂಗಳು. ಖೋಖೋ ಹುಡುಗಿಯರಿಗೆ ಕಂಬದ ಬಳಿ ತಿರುಗೋದು ಕಲಿಸುವಷ್ಟರಲ್ಲಿ ಇನ್ನೊಂದು ಆದೇಶ ಬಂತು. ಅವರು ತಾಲೂಕಿನಲ್ಲಿ ಗೆದ್ದು, ಕಪ್ಪನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಕೌಲ್ ಬಜಾರಿನ ನಮ್ಮ ಮನೆಗೆ ಬಂದರು. ಆ ಮಕ್ಕಳ ಪಾಲಿಗೆ ನಾನು ಅವರ ಶಾಲೆಯವನೇ.

ಕೊನೆಯ ಓವರ್ ಕೊಡ್ತಾರೆ ಅಂದ್ರೆ ನಂಬಿಕೆ ಇಟ್ಟು ಕೊಡ್ತಾರೆ, ತಮ್ಮಾ. ಇನ್ನೊಂದು, 17ನೇ ಓವರಿನ ತನಕ ಬೌಂಡರಿ ಹತ್ತಿರ ಕೈಕಟ್ಟಿ ನಿಂತಿರಬೇಡ. 14ಕ್ಕೇ ಒಬ್ಬ ಹುಡುಗನನ್ನು ಕರಕೊಂಡು ಪಕ್ಕಕ್ಕೆ ಹೋಗು, ಹತ್ತು ಚೆಂಡು ನಿಧಾನ, ಐದು ಚೆಂಡು ಪೂರ್ತಿ ಜೋರು. ನಾಯಕ ಕೂಗಿದಾಗ ನಿನ್ನ ಭುಜ ಬೆವೆತಿರಬೇಕು.