ಮೋಸಂಬಿ ಸುಲಿಯೋ ಟೂಲ್: ಹಲ್ಲು ಉದ್ದಾತು, ಪ್ಲಾಸ್ಟಿಕ್ ತಪ್ಪಾತು

ಅಣ್ಣಾರ, ಮೋಸಂಬಿ ಸಿಪ್ಪಿ ಸುಲಿಯೋ ಟೂಲ್ ಮಾಡೀನಿ, 6 ಮಿ.ಮೀ. ಹಲ್ಲು ತೊಳಿಗೇ ತಾಕಿ ರಸ ಸೋರ್ತೈತಿ, ಪ್ಲಾಸ್ಟಿಕ್ಕೂ ಮಂಕಾಗಿ ಅಂಟಂಟಾಗೈತಿ ಅಂತ ಕೇಳೀರಲ್ಲ, ಎರಡೂ ಬ್ಯಾರೆ ಬ್ಯಾರೆ ತ್ರಾಸು.

6 ಭಾಳಾತ್ರಿ. ಕೊಪ್ಪಳ ಸಂತ್ಯಾಗ ಒಂದ್ಹತ್ತು ಹಣ್ಣು ತಗೊಂಡು ಕೊಯ್ದು ವರ್ನಿಯರ್ (ದಪ್ಪ ಅಳಿಯೋ ಸಾಧನ) ಹಚ್ಚಿ ಸಿಪ್ಪಿ ದಪ್ಪ ಅಳೀರಿ, ಒಂದೇ ಹಣ್ಣಿನಾಗೂ ಸಿಪ್ಪಿ ಎಲ್ಲಾ ಕಡೆ ಒಂದೇ ದಪ್ಪ ಇರಂಗಿಲ್ಲ, ತೆಳು ಜಾಗದ್ದೇ ಲೆಕ್ಕ ಹಿಡೀರಿ, ನಾನಾದ್ರ 3 ಮಿ.ಮೀ. ಹಲ್ಲಿನಿಂದ ಶುರು ಮಾಡ್ತಿದ್ದೆ, ಮತ್ತ ಹಲ್ಲಿನ ಬುಡಕ್ಕ ಒಂದು ಅಗಲನ ಮೆಟ್ಟು ಕೊಟ್ರ ಎಷ್ಟ ಒತ್ತಿದ್ರೂ ಅದಕ್ಕಿಂತ ಒಳಗ ಹೋಗಂಗಿಲ್ಲ. ಗೀರೋ ತುದಿ ಬ್ಯಾರೆ, ಸಿಪ್ಪಿ ಎಬ್ಬಿಸೋ ತುದಿ ಬ್ಯಾರೆ ಇರ್ಲಿ. ಎಬ್ಬಿಸೋದು ಚೂಪು ಬ್ಯಾಡ, ಚಮಚದ ಬೆನ್ನಿನಂಗ ಬಾಗಿದ್ರ ಸಾಕು.

ಪ್ಲಾಸ್ಟಿಕ್ ಯಾವುದು ಅಂತ ಬರದಿಲ್ಲ ನೀವು. ಸಿಪ್ಪಿ ಎಣ್ಣ್ಯಾಗ ಲಿಮೋನೀನ್ ಇರ್ತೈತಿ, ಅದು ಪಾಲಿಸ್ಟೈರೀನನ್ನ ಕರಗಿಸೇ ಬಿಡ್ತೈತಿ, 3ಡಿ ಪ್ರಿಂಟಿಂಗ್‌ನಾಗ ಹಿಪ್ಸ್ (ಪಾಲಿಸ್ಟೈರೀನಿನದೇ ಒಂದು ಜಾತಿ) ಸಪೋರ್ಟ್, ಅಂದ್ರ ಪ್ರಿಂಟ್ ಆಗೋವಾಗ ಕೊಡೋ ತಾತ್ಪೂರ್ತಿಕ ಆಸರಿ, ತೆಗ್ಯಾಕ ಲಿಮೋನೀನನ್ನೇ ಬಳಸ್ತಾರ ನೋಡ್ರಿ. ತುದಿ 304 ಸ್ಟೇನ್‌ಲೆಸ್ ಸ್ಟೀಲ್, ಹಿಡಿಕಿ ನೈಲಾನ್ ಮಾಡ್ರಿ.

ಹಿಡಿಕಿ ಆಕಾರಕ್ಕ ಸುಮ್ನ ಕಂಪ್ಯೂಟರ್ ಮುಂದ ಕುಂದ್ರಬ್ಯಾಡ್ರಿ, ಮಣ್ಣು ಕಲಸಿ ಮುಷ್ಟಿ ಹಿಡದು ನೋಡ್ರಿ, ಇಲ್ಲಾ ಕಿನ್ನಾಳಕ್ಕ ಹೋಗಿ ಕಟ್ಟಿಗಿ ಗೊಂಬಿ ಮಾಡೋರ ಕಡೆ ಒಂದೆರಡು ಮಾದರಿ ಕೆತ್ತಿಸ್ರಿ. ಎಣ್ಣಿ ಹತ್ತಿದ ಕೈ ಜಾರ್ತೈತಿ, ಎಡಚರೂ ಅದಾರ, ಅದಕ್ಕ ಹಲ್ಲು ನಡುವಿಗೇ ಇರ್ಲಿ.

ನಾಗ್ಪುರ ಕಿತ್ತಳಿ ಮ್ಯಾಲೆ ಮಾತ್ರ ಟೆಸ್ಟ್ ಮಾಡಬ್ಯಾಡ್ರಿ, ಅದು ಉಗುರಿಗೇ ಬಿಚ್ಚತೈತಿ.