ಬುಧವಾರದ ಗುಂಪಿಗೆ ಹೋಗಲೇ?

ಪ್ರಶ್ನೆ: ಅಕ್ಕಾ, ನನಗೆ 44 ವರ್ಷ. ಚಿತ್ತಾಪುರದ ಹತ್ತಿರದ ಹಳ್ಳಿ. ಹೋದ ವರ್ಷ ಕ್ಯಾನ್ಸರ್ ಅಂತ ಎಡ ಸ್ತನ ತೆಗೆದರು. ಕೀಮೋ, ಕರೆಂಟು (ರೇಡಿಯೇಶನ್) ಎಲ್ಲ ಮುಗಿದು ಈಗ ಕಾಯಿಲೆ ಮತ್ತೆ ಬರದಿರಲಿ ಅಂತ ಟಾಮಾಕ್ಸಿಫೆನ್ ಗುಳಿಗೆ ನಡೆದಿದೆ. 'ಎಲ್ಲಾ ಮುಗೀತಲ್ಲ, ಇನ್ನ ಯಾಕ ಅಳ್ತಿ?' ಅಂತಾರೆ ಮನೆಯವರು. ರಾತ್ರಿ ಎರಡಕ್ಕೆ ಎಚ್ಚರವಾದರೆ, ಮತ್ತೆ ಬಂದರೇನು ಗತಿ ಅಂತ ಬೆಳಗಿನವರೆಗೆ ಕೂತಿರುತ್ತೇನೆ. ಕಲಬುರಗಿಯಲ್ಲಿ ನಾನು ತೋರಿಸುವ ಆಸ್ಪತ್ರೆಯಲ್ಲಿ ಬುಧವಾರ ನನ್ನಂಥ ಹೆಂಗಸರ ಗುಂಪು ಸೇರುತ್ತದೆ, ನನ್ನನ್ನೂ ಕರೆದಿದ್ದಾರೆ. ಯಜಮಾನರು 'ಮಂದಿ ಮುಂದ ಮನಿ ಮಾತು ಯಾಕ?' ಅಂತಾರೆ. ಬೇರೆಯವರ ಸಂಕಟ ಕೇಳಿ ನನ್ನದು ಜಾಸ್ತಿ ಆಗಲ್ವಾ? ಗುಂಪಿಗೆ ಹೋದವರು ಹೆಚ್ಚು ದಿನ ಬದುಕುತ್ತಾರಂತೆ, ನಿಜವೇ?
– ಹೆಸರು ಬೇಡ

ಉತ್ತರ: ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸುಳ್ಳು ಆಸೆ ಇಟ್ಟುಕೊಂಡು ನೀವು ಹೋಗಬಾರದು. 1989ರಲ್ಲಿ ಅಮೆರಿಕದ ಡೇವಿಡ್ ಸ್ಪೀಗೆಲ್ ಎಂಬ ಮನೋವೈದ್ಯರು, ಗುಂಪಿನಲ್ಲಿ ಕೂತ ಹೆಂಗಸರು ಸರಾಸರಿ ಒಂದೂವರೆ ವರ್ಷ ಹೆಚ್ಚು ಬದುಕಿದರು ಅಂತ ಬರೆದರು. ಆ ಮಾತು ಊರೂರು ಸುತ್ತಿತು. ಆದರೆ 2001ರಲ್ಲಿ ಕೆನಡಾದವರು 235 ಹೆಂಗಸರನ್ನು ಇಟ್ಟುಕೊಂಡು ನೋಡಿದಾಗ ಆಯುಷ್ಯ ಹೆಚ್ಚಲಿಲ್ಲ. ಹೆಚ್ಚಿದ್ದು ನೆಮ್ಮದಿ. ನೋವಿನ ಬಾಧೆಯೂ ಕಡಿಮೆ ಅನಿಸಿತ್ತು. ಅದರಲ್ಲೂ ಶುರುವಿನಲ್ಲಿ ತುಂಬಾ ಕುಗ್ಗಿದ್ದವರಿಗೇ ಹೆಚ್ಚು ಉಪಯೋಗವಾಯಿತು. ಅವರೆಲ್ಲ ಕಾಯಿಲೆ ಮೈಯ ಬೇರೆ ಕಡೆಗೂ ಹರಡಿದ್ದವರು, ನಿಮ್ಮ ಸ್ಥಿತಿ ಬೇರೆ. ಆದರೂ ರಾತ್ರಿ ಎರಡರ ಆ ಭಯಕ್ಕಾಗಿ ಹೋಗಿ ಅಂತಲೇ ನಾನು ಹೇಳುವುದು.

ನಾನು ಆಪ್ತಸಮಾಲೋಚಕಿ. ಇಂಥ ಗುಂಪುಗಳನ್ನು ಇದೇ ಕಲಬುರಗಿಯಲ್ಲಿ ನಡೆಸಿದ್ದೇನೆ. ಎಂಟು ಹತ್ತು ಜನ, ವಾರಕ್ಕೊಮ್ಮೆ, ಒಂದೂವರೆ ತಾಸು. ಒಳಗಿನ ಮಾತು ಹೊರಗೆ ಹೋಗಬಾರದು ಅಂತ ಮೊದಲ ದಿನವೇ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಮಾತಾಡಲೇಬೇಕು ಅಂತೇನಿಲ್ಲ. ಸೇಡಂ ಕಡೆಯ ಒಬ್ಬಾಕೆ ಆರು ವಾರ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದರು. ಏಳನೇ ವಾರ ಒಂದೇ ಮಾತು: 'ನಾ ಕನ್ನಡಿ ತಗದು ಅಟ್ಟದ ಮ್ಯಾಲ ಇಟ್ಟೀನ್ರಿ.' ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಇನ್ನೊಬ್ಬರು, 'ನಾನೂ ಅದಕ್ಕ ಸೀರಿ ಹೊಚ್ಚೀನವ್ವ' ಅಂದರು. ಆ ಎರಡನೇ ಮಾತನ್ನು ನಾನು ಹೇಳಲಾರೆ. ಎಷ್ಟು ಓದಿದ್ದರೂ ಹೇಳಲಾರೆ. ನಿಮ್ಮ ಮನೆಯವರೂ ಹೇಳಲಾರರು, ಅವರು ಎಷ್ಟೇ ಪ್ರೀತಿಸಿದರೂ.

ಬೇರೆಯವರ ದುಃಖ ತಟ್ಟುವುದಿಲ್ಲ ಅಂತ ಹೇಳುವುದಿಲ್ಲ, ತಟ್ಟುತ್ತದೆ. ಗುಂಪಿನಲ್ಲಿ ಒಬ್ಬರು ತೀರಿಕೊಂಡ ವಾರ ತುಂಬಾ ಕಷ್ಟ. ಆಗ ನಾವು ವಿಷಯ ಬದಲಿಸುವುದಿಲ್ಲ. ಅವರ ಹೆಸರು ಹಿಡಿದೇ ಮಾತಾಡುತ್ತೇವೆ, ಅಳುತ್ತೇವೆ. ಒಬ್ಬರೇ ಕತ್ತಲಲ್ಲಿ ಕೂತು ಸಾವಿನ ಬಗ್ಗೆ ಯೋಚಿಸುವುದಕ್ಕಿಂತ ಇದು ಹಗುರ, ನಾನು ಕಣ್ಣಾರೆ ಕಂಡಿದ್ದೇನೆ. ಮೂರ್ನಾಲ್ಕು ವಾರ ಹೋಗಿ ನೋಡಿ. ಭಾರವೇ ಆಗುತ್ತಿದೆ ಅನಿಸಿದರೆ ಗುಂಪು ನಡೆಸುವವರಿಗೆ ನೇರವಾಗಿ ಹೇಳಿ, ಒಬ್ಬರನ್ನೇ ಕೂರಿಸಿಕೊಂಡು ಮಾತಾಡುವ ದಾರಿಯೂ ಇದೆ.

ಯಜಮಾನರನ್ನು ಮೊದಲ ದಿನ ಜೊತೆಗೆ ಕರೆದುಕೊಂಡು ಹೋಗಿ. ನಡೆಸುವವರನ್ನು ಭೇಟಿಯಾಗಲಿ. ಅವರಿಗೂ ಹೆದರಿಕೆ ಇರುತ್ತದೆ ಅಲ್ವಾ, ಗಂಡಸರು ಅದನ್ನು ಸಿಟ್ಟಿನಲ್ಲಿ ಹೇಳುತ್ತಾರೆ ಅಷ್ಟೇ.

ಎರಡು ವಿಷಯ ಮರೆಯಬೇಡಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಬುಧವಾರದವರೆಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು, ಮನಸ್ಸಿಗೆ ಅಥವಾ ನಿದ್ದೆಗೆ ಯಾರಾದರೂ ಗುಳಿಗೆ ಬರೆದರೆ ಟಾಮಾಕ್ಸಿಫೆನ್ ತಗೊಳ್ಳುತ್ತಿದ್ದೀನಿ ಅಂತ ಮೊದಲೇ ಹೇಳಿ. ಪ್ಯಾರಾಕ್ಸೆಟಿನ್, ಫ್ಲೂಯೊಕ್ಸೆಟಿನ್‌ನಂಥ ಕೆಲವು ಗುಳಿಗೆಗಳು ಅದರ ಕೆಲಸವನ್ನು ತಗ್ಗಿಸಬಹುದು. ಕೇಳದೆ ಯಾವುದನ್ನೂ ನಿಲ್ಲಿಸಲೂಬೇಡಿ.

ಬುಧವಾರ ನೀರಿನ ಬಾಟಲಿ, ಬೀಸಣಿಗೆ ಇಟ್ಟುಕೊಳ್ಳಿ. ಆ ಗುಳಿಗೆಯಿಂದ ಮೈ ಬಿಸಿ ಏಳುತ್ತದೆ, ಮೇಲೆ ನಮ್ಮೂರಿನ ಬಿಸಿಲು. ಕುಪ್ಪಸದೊಳಗೆ ಇಟ್ಟ ಅರಳೆ ಬಗ್ಗಿದಾಗ ಜಾರುತ್ತಿದ್ದರೆ, ಅದಕ್ಕೊಂದು ಜೇಬು ಹೊಲಿಯುವುದನ್ನು ಅಲ್ಲಿ ಯಾರಾದರೂ ತೋರಿಸಿಕೊಡುತ್ತಾರೆ. ನಮ್ಮ ಗುಂಪಿನಲ್ಲಿ ಅದನ್ನು ಕಲಿಸಿದ್ದು ಸೇಡಂನ ಆ ತಾಯಿಯೇ.