ಪೆ-2 ಇಳಿಸುವಾಗ ಪುಟಿಯುವುದೇಕೆ?

ಗದುಗಿನ ಗೆಳೆಯರೇ, ಇಲ್-2 ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಆಟದಲ್ಲಿ (ಸಿಮ್ಯುಲೇಟರ್) ಎರಡನೇ ಮಹಾಯುದ್ಧದ ಸೋವಿಯತ್ ಬಾಂಬರ್ ಪೆ-2 ಇಳಿಸಿದಾಗಲೆಲ್ಲ ಪುಟಿದು ಮುರಿಯುತ್ತದೆ ಎಂದು ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ಒಂದಿಡೀ ಮಳೆಗಾಲ ನಾನೂ ಇದರೊಂದಿಗೆ ಗುದ್ದಾಡಿದ್ದೇನೆ. ವಿನ್ಯಾಸಕಾರ ಪೆಟ್ಲ್ಯಾಕೋವ್ ಸೆರೆಯಲ್ಲಿದ್ದಾಗ ಇದನ್ನು ಅತಿ ಎತ್ತರದಲ್ಲಿ ಕಾದಾಡುವ ವಿಮಾನವಾಗಿ ರೂಪಿಸಿದ್ದರು. ಬಾಂಬರ್ ಆದದ್ದು ಆಮೇಲೆ. ಇಳಿಯುವ ವೇಗ ಹೆಚ್ಚು. ರನ್‌ವೇ ಮೇಲೆ ಬಂದೊಡನೆ ಥ್ರಾಟಲ್ (ಎಂಜಿನ್ ಬಲ ಹೆಚ್ಚುಕಡಿಮೆ ಮಾಡುವ ಹಿಡಿ) ಪೂರ್ತಿ ಮುಚ್ಚಿದರೆ ದೊಪ್ಪನೆ ಕುಸಿಯುತ್ತದೆ. ಎರಡೂ ಎಂಜಿನ್‌ಗಳಲ್ಲಿ ಸ್ವಲ್ಪ ಬಲ ಉಳಿಸಿಕೊಂಡು, ಮೂತಿಯನ್ನು ಮೆಲ್ಲಗೆ ಎತ್ತುತ್ತ, ಚಕ್ರ ನೆಲ ಮುಟ್ಟಿದ ಮೇಲೆಯೇ ಥ್ರಾಟಲ್ ಮುಚ್ಚಿ. ಪುಟಿದರೆ ಮೂತಿಯನ್ನು ಕೆಳಗೆ ಒತ್ತಲೇಬೇಡಿ. ಬಲ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಬನ್ನಿ. ಮೊದಲು ಬಾಂಬ್ ಇಲ್ಲದೆ, ಅರ್ಧ ಇಂಧನದಲ್ಲಿ ಅಭ್ಯಾಸ ಮಾಡಿ. 11,000ಕ್ಕೂ ಹೆಚ್ಚು ತಯಾರಾದ ಈ ವಿಮಾನವನ್ನು ಬಿಟ್ಟು ಎಲ್ಲರೂ ಜರ್ಮನ್ ಬಾಂಬರ್ ಸ್ಟೂಕಾ ಹಿಂದೆ ಓಡುತ್ತಾರೆ, ನನಗಂತೂ ಬೇಸರ. ನೀವು ಇದನ್ನು ಕೈಬಿಡಬೇಡಿ.